ಬೆಳಿಗ್ಗೆ ಆರಕ್ಕೆ ಬಂದ ಸುದ್ದಿ

ಪೂಜೆ ಮುಗಿಸಿದ ಗಂಗಾಧರ ದಿನದಂತೆ ತೀರ್ಥದ ತಟ್ಟೆ ಹಿಡಿದು ತಾಯಿಯ ಕೋಣೆಗೆ ಬಂದ. ಕೋಡಂಬಾಕ್ಕಂನಲ್ಲೊಂದು, ಪೆರುಂಗುಡಿಯಲ್ಲೊಂದು, ಹೀಗೆ ಎರಡು ಸಸ್ಯಾಹಾರಿ ಹೋಟೆಲುಗಳ ಯಜಮಾನ ಅವನು. ಆದರೂ ಅಮ್ಮನ ಕೈಗೆ ತೀರ್ಥ ಹಾಕದೆ ಒಂದು ದಿನವೂ ಕ್ಯಾಶಿಗೆ ಕೂತವನಲ್ಲ. ಆದರೆ ಆ ದಿನ ಲೀಲಮ್ಮ ಕೈ ಒಡ್ಡಲಿಲ್ಲ. ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡು ಮಗನ ಮುಖ ನೋಡಿದರು.

"ಬೇಡ ಮಗಾ. ನಾನು ಯೇಸುವನ್ನು ನಂಬಿದ್ದೇನೆ. ಗುಣವತಿಯನ್ನು ಕರಿ, ಅವಳ ಹತ್ರ ಒಂದು ಮಾತು ಹೇಳ್ಲಿಕ್ಕುಂಟು."

ಗಂಗಾಧರ ತಿರುಗಿ ಬಾಗಿಲ ಕಡೆ ನೋಡಿದ. ಪಾಪ, ಅವನ ಬಾಯಿಂದ ಮೊದಲು ಹೊರಟ ಮಾತು, "ಇದು ಯಾರಿಗೆಲ್ಲ ಗೊತ್ತುಂಟು?" ಎಂಬುದು!

ಲೀಲಮ್ಮ ಹೇಗಿದ್ದವರು ಎಂದು ಹೇಳದಿದ್ದರೆ ಅವನ ದಿಗಿಲು ನಿಮಗೆ ಅರ್ಥವಾಗದು. ಮದುವೆಯಾಗಿ ಕುಂದಾಪುರದಿಂದ ಈ ತಮಿಳು ಊರಿಗೆ ಬಂದು ಅರ್ಧ ಶತಮಾನವಾಗಿದ್ದರೂ ಅವರ ಮಡಿ ಒಂದೆಳೆಯೂ ಸಡಿಲವಾಗಿರಲಿಲ್ಲ. ವಾರಕ್ಕೆ ಎರಡು ಉಪವಾಸ, ವರ್ಷಕ್ಕೆ ಎಷ್ಟೋ ವ್ರತ. ಸೊಸೆ ಗುಣವತಿಗೆ ಅವರ ನಾಲಿಗೆಯ ಬಿಸಿ ತಾಗದ ದಿನವೇ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ ನೋಡಿಕೊಳ್ಳಲೆಂದು ತಿರುವೊಟ್ಟಿಯೂರಿನಿಂದ ಜೀವರತ್ನಂ ಎಂಬ ಹೆಂಗಸು ಬಂದಳು. ಕ್ರೈಸ್ತಳೆಂದು ತಿಳಿದು ಲೀಲಮ್ಮ ಅವಳ ಕಾಫಿಗೆ ಬೇರೆ ಲೋಟ ಇಡಿಸಿದರು. ಜೀವರತ್ನಂ ಆ ಲೋಟವನ್ನು ತಾನೇ ತೊಳೆದು ಬೋರಲು ಹಾಕಿ, ಎಣ್ಣೆಯನ್ನು ಮೊದಲು ತನ್ನ ಅಂಗೈಯಲ್ಲಿ ಬಿಸಿ ಮಾಡಿಕೊಂಡೇ ಮುದುಕಿಯ ಕಾಲು ಮುಟ್ಟುತ್ತಿದ್ದಳು. ಮಲಮೂತ್ರ ತೆಗೆಯುವಾಗ ಒಮ್ಮೆಯೂ ಮುಖ ತಿರುಗಿಸಿದವಳಲ್ಲ. ಹೀಗೆ ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಲೀಲಮ್ಮನೇ ಕೇಳಿದರು, ನಿನಗೆ ಇದೆಲ್ಲ ಹೇಗೆ ಸಾಧ್ಯವಾಗುತ್ತದೆ ಎಂದು.

ಜೀವರತ್ನಂ ತನ್ನ ತಮಿಳಿನಲ್ಲಿ ಹೇಳಿದ್ದು ಬಹಳ ಸರಳ. ನಮ್ಮ ಒಳಗಿನ ಕೊಳೆಯನ್ನು ನಾವೇ ತೊಳೆದುಕೊಳ್ಳಲು ಆಗುವುದಿಲ್ಲ. ಅದಕ್ಕೆಂದೇ ದೇವರ ಮಗ ಯೇಸು ಬಂದು ನಮ್ಮ ಪಾಪಕ್ಕಾಗಿ ಶಿಲುಬೆಯ ಮೇಲೆ ಪ್ರಾಣ ಕೊಟ್ಟ, ಮೂರನೆಯ ದಿನ ಎದ್ದ. ಕ್ಷಮೆಯನ್ನು ಸುಮ್ಮನೆ ಕೈಚಾಚಿ ತೆಗೆದುಕೊಳ್ಳಬೇಕು. ಹಾಗಾದರೆ ಶುರು ಮಾಡುವುದು ಹೇಗೆ, ಎಷ್ಟು ದಿನದ ವ್ರತ, ಈರುಳ್ಳಿ ತಿನ್ನಬಹುದೇ ಎಂದು ಲೀಲಮ್ಮ ವಿಚಾರಿಸಿದಾಗ ಅವಳಿಗೆ ನಗು ತಡೆಯಲಾಗಲಿಲ್ಲವಂತೆ. ಯಾವ ವ್ರತವೂ ಬೇಡ, ಮಾಡಿದ ತಪ್ಪನ್ನು ಮುಚ್ಚಿಡದೆ ಅವನಿಗೆ ಹೇಳಿ, ಆ ದಾರಿ ಬಿಟ್ಟು ಅವನ ಕಡೆ ತಿರುಗಿ, ನಿನ್ನನ್ನೇ ನಂಬಿದ್ದೇನೆ ಅನ್ನಿ, ಆಮೇಲೆ ದಿನವೂ ಅವನ ಮಾತು ಓದಿ ಎಂದಳು. ಕೊನೆಗೆ ಇನ್ನೊಂದು ಮಾತು ಸೇರಿಸಿದಳು. ಕ್ಷಮೆ ಸಿಕ್ಕಿದವರಿಗೆ, ತಾವು ನೋಯಿಸಿದವರ ಎದುರು ಹೋಗಿ ನಿಲ್ಲದೆ ಇರಲಾಗುವುದಿಲ್ಲ.

ದೇವರಿಗೆ ಹೇಳುವುದು ಲೀಲಮ್ಮನಿಗೆ ಕಷ್ಟವಾಗಲಿಲ್ಲ. ಅತ್ತು ಅತ್ತು ಹೇಳಿದರು, ಹಗುರವಾದರು. ಆದರೆ ಸೊಸೆಗೆ? ಆ ಮಾತು ಬಾಯಿಂದ ಹೊರಬಿದ್ದರೆ ಈ ಮನೆಯಲ್ಲಿ ತನಗೆ ಒಂದು ತುತ್ತು ಅನ್ನ ಸಿಕ್ಕೀತೇ? ಎರಡು ತಿಂಗಳು ನುಂಗಿಕೊಂಡಿದ್ದನ್ನು ಇಂದು ಹೇಳಿಬಿಡಲೆಂದೇ ಅವರು ಸೊಸೆಯನ್ನು ಕರೆಸಿದ್ದರು.

ಗುಣವತಿ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಾಗಿಲಲ್ಲಿ ನಿಂತಳು.

"ಗುಣ, ನಿನ್ನ ಅಪ್ಪ ಹೋದ ದಿವಸ ಊರಿಂದ ಫೋನ್ ಬಂದದ್ದು ಸಂಜೆ ಅಲ್ಲ. ಬೆಳಿಗ್ಗೆ ಆರಕ್ಕೆ... ನಾನೇ ಎತ್ತಿದ್ದು."

ಹದಿನಾಲ್ಕು ವರ್ಷದ ಹಿಂದಿನ ಮಾತು. ಅಂದು ಪೆರುಂಗುಡಿಯ ಹೋಟೆಲಿನ ಪ್ರಾರಂಭೋತ್ಸವ. ಮಗ ಸೊಸೆ ಗಣಹೋಮಕ್ಕೆ ಕೂರಬೇಕು, ಹೊಸ ಒಲೆಯಲ್ಲಿ ಹಾಲುಕ್ಕಿಸಬೇಕು. ಸಾವಿನ ಸುದ್ದಿ ಮಗಳ ಕಿವಿಗೆ ಬಿದ್ದ ಕ್ಷಣದಿಂದ ಮೂರು ದಿನ ಸೂತಕ. ಕಿವಿಗೆ ಬೀಳದಿದ್ದರೆ ಸೂತಕವಿಲ್ಲ ಎಂಬ ಶಾಸ್ತ್ರವನ್ನು ಲೀಲಮ್ಮ ಗಟ್ಟಿಯಾಗಿ ಹಿಡಿದುಕೊಂಡರು. ಹೋಮ ನಡೆಯಿತು, ಹಾಲು ಉಕ್ಕಿತು, ಮುನ್ನೂರು ಜನ ಉಂಡು ಹರಸಿ ಹೋದರು. ಸಂಜೆ ನಾಲ್ಕಕ್ಕೆ ಸೊಸೆಯನ್ನು ಕರೆದು, ಈಗಷ್ಟೇ ಫೋನ್ ಬಂತು ಎಂದರು. ಬೆಳಿಗ್ಗೆಯೇ ತಿಳಿದಿದ್ದರೆ ವಿಮಾನ ಹತ್ತಿಯಾದರೂ ಅವಳು ತಂದೆಯ ಮುಖ ನೋಡುತ್ತಿದ್ದಳು. ಮರುದಿನ ತಲುಪುವಾಗ ಚಿತೆಯೂ ಆರಿತ್ತು. ತಾನು ಬೆಳಿಗ್ಗೆಯೇ ತಿಳಿಸಿದ್ದೆ ಎಂದ ತಮ್ಮ ರಾಮದಾಸನ ಮಾತನ್ನು ಗುಣವತಿ ನಂಬಲಿಲ್ಲ. ಅಂದಿನಿಂದ ಒಡಹುಟ್ಟಿದವರ ನಡುವೆ ಮಾತಿಲ್ಲ.

ಗುಣವತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳ ದನಿ ಏರಲಿಲ್ಲ.

"ನಾನು ದಾಸನನ್ನು ಸುಳ್ಳ ಅಂದೆ ಅತ್ತೆ... ಹದಿಮೂರನೇ ದಿವಸ, ಊಟಕ್ಕೆ ಕೂತವರ ಎದುರು. ನೀವು ಅಲ್ಲೇ ಇದ್ರಿ."

"ಇದ್ದೆ."

"ಸುಮ್ಮನೆ ಕೂತಿದ್ರಿ."

"ಕೂತಿದ್ದೆ ಗುಣ... ಯೇಸುವಿನ ಹತ್ರ ಕ್ಷಮೆ ಕೇಳಿದ್ದಾಗಿದೆ, ನೀನೂ ನನ್ನನ್ನು ಕ್ಷಮಿಸು."

"ನಿಮ್ಮ ದೇವರು ಕ್ಷಮಿಸಿ ಆಗಿದೆಯಲ್ಲ! ನನ್ನ ಹತ್ರ ಕೇಳಿ ಕ್ಷಮಿಸಿದ್ದಾ ಅವನು? ಅಪ್ಪನ ಮುಖ ನೋಡದೆ ಉಳಿದದ್ದು ನಾನು."

ಸೊಸೆ ಹೊರಟು ಹೋದಳು.

ಗಂಗಾಧರ ತನ್ನ ಸಿಟ್ಟನ್ನೆಲ್ಲ ಜೀವರತ್ನಂ ಮೇಲೆ ತೀರಿಸಿಕೊಂಡ. ನಾಳೆಯಿಂದ ಬರಬೇಡ ಎಂದುಬಿಟ್ಟ. ಅವಳು ಎದುರಾಡಲಿಲ್ಲ. ಹೋಗುವ ಮೊದಲು ಯಾವ ಮಾತ್ರೆ ಎಷ್ಟು ಗಂಟೆಗೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಕೆಲಸ ಹೆಚ್ಚಾಯಿತಲ್ಲ ಅಕ್ಕಾ ಎಂದು ಗುಣವತಿಯ ಭುಜ ಮುಟ್ಟಿ ಇಳಿದು ಹೋದಳು. ಆಮೇಲಿನ ಎರಡು ದಿನ ಗುಣವತಿ ಆ ಚೀಟಿ ನೋಡಿಕೊಂಡು ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟಳು, ಊಟ ತಂದಿಟ್ಟಳು. ಒಂದೇ ಒಂದು ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಲೀಲಮ್ಮ ಗೋಡೆಯ ಕಡೆ ತಿರುಗಿ ಅತ್ತರು.

ಮೂರನೆಯ ದಿನ ಅವರು ಮೊಮ್ಮಗಳು ಪ್ರಣಮ್ಯಾಳನ್ನು ಕರೆದು ರಾಮದಾಸನ ನಂಬರು ಹುಡುಕಿಸಿದರು. "ಅಪ್ಪಾ ಫೋನ್‌ಲ ಇರುಕ್ಕು ಪಾಟಿ" ಎಂದು ಹುಡುಗಿ ತಮಿಳಿನಲ್ಲಿ ಹೇಳಿ, ಅಪ್ಪನ ಫೋನಿನಲ್ಲಿದ್ದ ಆ ನಂಬರು ಒತ್ತಿ, ಅಜ್ಜಿಗೆ ಕಿವಿ ಮಂದವೆಂದು ಸ್ಪೀಕರ್ ಹಾಕಿಕೊಟ್ಟಳು. ಹಾಗಾಗಿ ಅಡುಗೆಮನೆಯಲ್ಲಿದ್ದ ಗುಣವತಿಗೂ ಎಲ್ಲವೂ ಕೇಳಿಸಿತು. ಲೀಲಮ್ಮ ಏನನ್ನೂ ಬಿಡದೆ ಹೇಳಿದರು.

"ಅಕ್ಕನಿಗೆ ಗೊತ್ತುಂಟಾ?" ಎಂದು ಕೇಳಿದ ರಾಮದಾಸ.

"ಹೇಳಿದೆ. ನಿಂಗೂ ಹೇಳಬೇಕಿತ್ತು. ಬೈಯುವುದಿದ್ದರೆ ಬೈ ಮಗಾ."

ಅವನು ಬೈಯಲಿಲ್ಲ. ಕತ್ತಲಾಗುವವರೆಗೂ ಅಪ್ಪನನ್ನು ಜಗಲಿಯಲ್ಲೇ ಮಲಗಿಸಿಕೊಂಡಿದ್ದೆ, ರಸ್ತೆಯಲ್ಲಿ ಪ್ರತಿಯೊಂದು ಕಾರಿನ ಸದ್ದಿಗೂ ಗೇಟಿಗೆ ಓಡಿದೆ ಎಂದ. ಅಷ್ಟರಲ್ಲಿ ಗುಣವತಿ ಬಂದು ಫೋನನ್ನು ಕಿತ್ತುಕೊಂಡಳು. "ದಾಸಾ..." ಎಂದಳು. ಅಕ್ಕ ತಮ್ಮ ಇಬ್ಬರೂ ಅಳುವುದನ್ನು ಕೇಳುತ್ತ ಲೀಲಮ್ಮ ತಲೆ ತಗ್ಗಿಸಿ ಕೂತಿದ್ದರು.

ಭಾನುವಾರ ತಿರುವೊಟ್ಟಿಯೂರಿನಲ್ಲಿ, ಜೀವರತ್ನಂ ಹೋಗುವ ಪ್ರಾರ್ಥನಾ ಮಂದಿರದಲ್ಲಿ ಲೀಲಮ್ಮನ ದೀಕ್ಷಾಸ್ನಾನ, ಯೇಸುವನ್ನು ನಂಬಿದವರು ಎಲ್ಲರೆದುರು ನೀರಿನಿಂದ ಪಡೆಯುವ ಗುರುತು. ಹೋದರೆ ಇನ್ನು ದೇವರ ಕೋಣೆಯ ಹೊಸ್ತಿಲು ತುಳಿಯಬಾರದು, ನಾನು ಕಾರು ತೆಗೆಯುವುದಿಲ್ಲ ಎಂದ ಗಂಗಾಧರ. ಲೀಲಮ್ಮ ಒಪ್ಪಿ, ವಾಕರ್ ಹಿಡಿದು ಒಬ್ಬರೇ ಹೊರಟರು. ಗೇಟಿನಲ್ಲಿ ಗುಣವತಿ ಟ್ಯಾಕ್ಸಿ ತರಿಸಿಕೊಂಡು, ಬಗಲಲ್ಲಿ ಒಂದು ಚೀಲ ಹಿಡಿದು ನಿಂತಿದ್ದಳು. ಅತ್ತೆಯನ್ನು ಹತ್ತಿಸಿ ತಾನೂ ಪಕ್ಕದಲ್ಲಿ ಕೂತಳು. ಮಂದಿರವಿದ್ದದ್ದು ಬಲೆ ಮಾರುವ ಅಂಗಡಿಯ ಮೇಲೆ, ಮೊದಲ ಮಹಡಿಯಲ್ಲಿ. ಸೊಸೆ ಮೆಟ್ಟಿಲ ಬುಡದಲ್ಲಿ ಅತ್ತೆಯ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು.

"ಕ್ಷಮಿಸಿದ್ದೇನೆ ಅಂದ್ಕೊಳ್ಬೇಡಿ ಅತ್ತೆ. ನನ್ನಿಂದ ಇನ್ನೂ ಆಗ್ಲಿಲ್ಲ."

"ಗೊತ್ತುಂಟು. ನಾನು ಕಾಯ್ತೇನೆ ಗುಣ."

ಗುಣವತಿ ಒಳಗೆ ಹೋಗಲಿಲ್ಲ. ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕ ನಿಂತಳು. ಒಳಗೆ ಜೀವರತ್ನಂ ಲೀಲಮ್ಮನನ್ನು ಕುರ್ಚಿಯಲ್ಲಿ ಕೂರಿಸಿದಳು. ಪಾಪದ ದಾರಿ ಬಿಟ್ಟು ಯೇಸುವನ್ನೇ ರಕ್ಷಕನೆಂದು ನಂಬುತ್ತೀರಾ ಎಂದು ಬೋಧಕರು ತಮಿಳಿನಲ್ಲಿ ಕೇಳಿದರು. "ನಂಬ್ತೇನೆ" ಎಂದು ಲೀಲಮ್ಮ ಕುಂದಾಪುರದ ಕನ್ನಡದಲ್ಲೇ ಹೇಳಿದರು. ಮೂರು ಸಲ ತಲೆಯ ಮೇಲೆ ನೀರು ಬಿತ್ತು. ಮುದುಕಿಯ ಮೈ ಗಡಗಡ ನಡುಗುತ್ತಿತ್ತು.

ಗುಣವತಿ ಚಪ್ಪಲಿ ಕಳಚಿದಳು. ಒಳಗೆ ನಡೆದು ಚೀಲ ಬಿಚ್ಚಿದಳು. ಅದರಲ್ಲಿ ಒಣ ಟವೆಲು ಮತ್ತು ಅತ್ತೆಯ ಮಡಿ ಸೀರೆ ಇದ್ದವು, ಇಪ್ಪತ್ತೈದು ವರ್ಷ ಅವಳಿಗೆ ಮುಟ್ಟಲು ಬಿಡದಿದ್ದ ಸೀರೆ. ಮಗುವಿನ ತಲೆ ಒರೆಸುವಂತೆ ಆ ಬಿಳಿ ಕೂದಲನ್ನು ಒರಟಾಗಿ ಒರೆಸತೊಡಗಿದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು.

"ಬಗ್ಗಿ ಅತ್ತೆ," ಅಂದಳು, "ಶೀತ ಆಗ್ತದೆ."

ಲೀಲಮ್ಮ ತಲೆ ಬಗ್ಗಿಸಿದರು.