ಹತ್ತೊಂಬತ್ತು ಸಲ ಕೇಳಿದ ಪ್ರಶ್ನೆ

"ನಾನೇನು ನಿನ್ನ ಮಷೀನಾ? ನಮ್ಮಕ್ಕನ ಕೈಲೂ ಕೇಳಿಸಿದ್ದೀಯಲ್ಲೇ, ನಾಚಿಕೆ ಆಗಲ್ವಾ!"

ಅವನು ಅವಳ ಕೈಬರಹದ ಹಾಳೆಯೊಂದನ್ನು ಅವಳ ಮೇಜಿನ ಮೇಲೆ ಅಪ್ಪಳಿಸಿದ.

ಅವಳು ಥಟ್ಟನೆ ಹಾಳೆಯ ಮೇಲೆ ಕೈಯಿಟ್ಟಳು. ಅಯ್ಯೋ... ಇದು ಇವನ ಕೈಗೆ ಹೇಗೆ ಸಿಕ್ಕಿತು?

ಇಬ್ಬರೂ ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ವಿಭಾಗದಲ್ಲಿ ಒಂದೇ ಕೋಣೆ, ಒಬ್ಬರೇ ಗೈಡ್, ಎರಡು ತಿಂಗಳಲ್ಲಿ ಮದುವೆ. ಅಷ್ಟರಲ್ಲಿ ಅವಳ ಮನಸ್ಸು ಕೃತಕ ಬುದ್ಧಿಮತ್ತೆಯ ಸುರಕ್ಷತೆಯತ್ತ ಹೊರಳಿತ್ತು. ಅದಕ್ಕೆ ದೂರದ ಊರಿನಲ್ಲಿ ಎರಡು ವರ್ಷ ಇರಬೇಕು. ವಿಷಯ ಬದಲಾವಣೆಯ ಅರ್ಜಿಗೆ ಇಂದು ಸಂಜೆ ಐದರೊಳಗೆ ಸಹಿ ಹಾಕಬೇಕು.

ಆ ಕೆಲಸದಲ್ಲಿ ಯಂತ್ರಕ್ಕೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ವೇಷದಲ್ಲಿ ಕೇಳುತ್ತಾರೆ. ಪರೀಕ್ಷೆ ಎಂದು ಗೊತ್ತಾದಾಗ ಒಂದು ಉತ್ತರ, ಗೊತ್ತಾಗದಾಗ ಇನ್ನೊಂದು ಬಂದರೆ ಅದನ್ನು ನಂಬಬಾರದು. ಈ ಮಹಾರಾಯ್ತಿ ಅದನ್ನೇ ಅವನ ಮೇಲೆ ಪ್ರಯೋಗಿಸಿದ್ದಳು! 'ನಾನು ಹೋದ್ರೆ ಕಾಯ್ತೀಯಾ?' ತಮಾಷೆಯಾಗಿ, ಅತ್ತು, ಅವನ ಅಕ್ಕನ ಬಾಯಿಂದ... ಒಟ್ಟು ಹತ್ತೊಂಬತ್ತು ಸಲ. ಅವನ ಉತ್ತರಗಳನ್ನೆಲ್ಲ ಆ ಹಾಳೆಯಲ್ಲಿ ಗುರುತು ಹಾಕಿಟ್ಟಿದ್ದಳು.

"ನೀನು ಹನ್ನೊಂದು ಸಲ ಕಾಯ್ತೀನಿ ಅಂದೆ. ಎಂಟು ಸಲ ಜಾರ್ಕೊಂಡೆ. ನಾನು ಯಾವುದನ್ನ ನಂಬ್ಲಿ?"

"ಜಾರ್ಕೊಳ್ಳಲಿಲ್ಲ ಕಣೆ, ನಿಜವಾಗ್ಲೂ ಗೊತ್ತಿರಲಿಲ್ಲ! ನಿನ್ನ ಹಾಳೇಲಿ ಇರೋದು ಎರಡೇ ಕಾಲಂ, ನಿಜ, ಸುಳ್ಳು. ಗೊತ್ತಿಲ್ಲ ಅನ್ನೋನು ಎಲ್ಲಿ ನಿಲ್ಲಬೇಕು?"

ಅವಳು ಹಾಳೆ ನೋಡಿದಳು. ನಾಲ್ಕು ವರ್ಷ ಸಮೀಕ್ಷೆಯ ಪ್ರಶ್ನಾವಳಿ ತಿದ್ದಿದವಳು... ಮೊದಲ ವರ್ಷದ ಮಕ್ಕಳೂ ಮಾಡದ ತಪ್ಪು!

"ನಿಂಗಾದ್ರೂ ಗೊತ್ತಾ, ಹೋಗ್ಬೇಕೋ ಬೇಡ್ವೋ?" ಅವನ ದನಿ ಇಳಿದಿತ್ತು.

"ಇಲ್ಲ... ಆ ಕೆಲಸ ಬಿಟ್ಟಿರಕ್ಕಾಗಲ್ಲ. ನಿನ್ನ ಬಿಟ್ಟೂ ಇರಕ್ಕಾಗಲ್ಲ. ಪ್ರೀತಿಸ್ತೀನಿ ಕಣೋ! ತಲೆ ಕೆಟ್ಟೋಗಿದೆ ನಂಗೆ."

ಅವನು ಅಂಗಿಯ ತೋಳಿನಿಂದ ಅವಳ ಕೆನ್ನೆ ಒರೆಸಿದ.

"ಕಾಫಿ ತರ್ತೀನಿ. ಸಕ್ಕರೆ?"

"ಕಮ್ಮಿ... ಬೇಗ ಬಾ."

"ಹೂಂ."

ಬ್ಯಾಗ್ ಹೆಗಲಿಗೇರಿಸಿಕೊಂಡು ಹೋದ. ಕಾಫಿಗೆ ಬ್ಯಾಗ್ ಯಾಕೆ ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ನಾಲ್ಕೂವರೆ... ನಾಲ್ಕೂ ಮುಕ್ಕಾಲು... ಬಂದು 'ಇರು' ಎಂದಿದ್ದರೆ ಅರ್ಜಿಯನ್ನು ಹರಿದೇಬಿಡುತ್ತಿದ್ದಳು. 'ಹೋಗು' ಎಂದಿದ್ದರೆ ನಗುತ್ತಾ ಸಹಿ ಹಾಕುತ್ತಿದ್ದಳು. ಅವನು ಬರಲೇ ಇಲ್ಲ. ಐದಕ್ಕೆ ಐದು ನಿಮಿಷ ಇರುವಾಗ ಗೈಡ್ ಬಾಗಿಲಲ್ಲಿ ನಿಂತು ಅರ್ಜಿಗಾಗಿ ಕೈ ಚಾಚಿದರು. ಅವಳು ಸಹಿ ಹಾಕಿದಳು.

ಆಮೇಲೆ ವಿಭಾಗದ ಅಟೆಂಡರ್ ಬಂದ. "ಬಾಗ್ಲು ಹಾಕ್ಬೇಕಮ್ಮ."

"ಒಂದ್ನಿಮಿಷ ಅಣ್ಣ... ಅವನು ಕಾಫಿ ತರೋಕೆ ಹೋಗಿದ್ದಾನೆ."

"ಅವರಾ? ಆಗ್ಲೇ ನನ್ನ ಕೈಗೆ ಈ ರೂಮಿನ ತಮ್ಮ ಕೀ ಕೊಟ್ಟು, ಇನ್ನು ಬೇಕಾಗಲ್ಲ ಅಂತ ಹೇಳಿ ಹೋದ್ರಲ್ಲಮ್ಮ!"