ಕಚ್ಚಿಟ್ಟು ಹೋದ ರೊಟ್ಟಿ

"ಆ ಮರಕ್ಕೆ ಕೊಡಲಿ ಹಾಕಬೇಡಿ!"

ಮುಹಯ್ಯೊಳ ಕೈಯಲ್ಲಿದ್ದ ಪೊರಕೆ ನಿಂತುಹೋಯಿತು. ತಿರುಗಿ ನೋಡಬೇಕಾಗಿರಲಿಲ್ಲ. ನಾಲ್ಕು ವರ್ಷವಾಗಿದ್ದರೂ ಆ ದನಿಯನ್ನು ಅವಳು ಮರೆತಿರಲಿಲ್ಲ.

ಮುರಿದ ಬಾಗಿಲಲ್ಲಿ ಹಿಕ್ಮತ್ ನಿಂತಿದ್ದ. ಹೆಗಲಲ್ಲಿ ಒಂದೇ ಚೀಲ, ಮುಖದ ತುಂಬ ಪ್ರಯಾಣದ ಆಯಾಸ.

ಆ ಶನಿವಾರ ಮರ್ಗಿಲಾನ್ ಊರಿನ ಆ ಬೀದಿಯವರೆಲ್ಲ ಹಶರ್‌ಗೆ ಸೇರಿದ್ದರು. ಹಶರ್ ಎಂದರೆ ಕೂಲಿಯಿಲ್ಲದೆ ಎಲ್ಲರೂ ಕೈಹಾಕುವ ಕೆಲಸ. ಹಿಕ್ಮತ್‌ನ ಹಾಳುಬಿದ್ದ ಮನೆಯನ್ನು ಕೆಡವುವುದೆಂದು ತೀರ್ಮಾನವಾಗಿತ್ತು. ಮಾಡು ಒಂದು ಕಡೆ ಕುಸಿದಿತ್ತು, ಅಂಗಳದಲ್ಲಿ ಆಳೆತ್ತರದ ಕಳೆ. ಮೊದಲು ಅಂಗಳದ ಮರ ಕಡಿಯಲು ಇಬ್ಬರು ಕೊಡಲಿ ಎತ್ತಿದ್ದರು. ಹೋದ ವಾರ ಪಕ್ಕದ ಮನೆಯ ತೊಟ್ಟಿಲಡಿಯಲ್ಲಿ ಹಾವು ಸಿಕ್ಕಿತ್ತು.

ಆ ತೊಟ್ಟಿಲ ಮನೆಯ ಸಲೋಮತ್ ಖೋಲಾ ಸೊಂಟಕ್ಕೆ ಕೈಕೊಟ್ಟು ಮುಂದೆ ಬಂದರು. ಬೀದಿಗೆಲ್ಲ ಅವರು ಚಿಕ್ಕಮ್ಮನೇ.

"ಬಂದ ನೋಡ್ರಪ್ಪಾ ಯಜಮಾನ! ತಾಯಿ ಬಾಳಿದ ಮನೆಗೆ ಬೀಗ ಜಡಿದು ರಷ್ಯಾಕ್ಕೆ ಓಡಿದೆ. ನಿನ್ನ ಹಾವುಗಳನ್ನ ನಾವು ಸಾಕ್ಬೇಕಾ? ಬೀಗದ ಕೈನಾದ್ರೂ ಯಾರ ಹತ್ರಾನಾದ್ರೂ ಕೊಟ್ಟು ಹೋಗೋಕೆ ಆಗಲಿಲ್ವಾ ನಿಂಗೆ?"

ಮುಹಯ್ಯೊ ಪೊರಕೆಯನ್ನು ಬಿಗಿಯಾಗಿ ಹಿಡಿದಳು.

'ಕೊಟ್ಟಿದ್ದರು... ನನ್ನ ಕೈಗೇ ಕೊಟ್ಟಿದ್ದರು!'

ಹಿಕ್ಮತ್ ಅವಳನ್ನು ಒಂದೇ ಒಂದು ಸಲ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ತಪ್ಪು ನಂದೇ ಖೋಲಾ. ಬೈರಿ."

ಅವನು ಎಲ್ಲರೆದುರು ಅವಳ ಹೆಸರು ಹೇಳಿದ್ದರೂ ಇಷ್ಟು ನೋಯುತ್ತಿರಲಿಲ್ಲ...

ಆ ಊರಿನ ರೂಢಿಯಂತೆ, ದೂರದೂರಿಗೆ ಹೊರಟವರು ರೊಟ್ಟಿಯನ್ನು ಒಂದು ಸಲ ಕಚ್ಚಿ ಹೋಗಬೇಕು. ಉಳಿದದ್ದನ್ನು ಮನೆಯವರು ಗೋಡೆಗೆ ತೂಗುಹಾಕಬೇಕು, ಹಿಂದಿರುಗಿ ಬಂದು ತಿನ್ನಲಿ ಎಂದು. ಹೊರಡುವಾಗ ಹಿಕ್ಮತ್‌ಗೆ ಮನೆಯವರೆಂದು ಯಾರೂ ಉಳಿದಿರಲಿಲ್ಲ. ಕಚ್ಚಿದ ರೊಟ್ಟಿಯನ್ನೂ ಬೀಗದ ಕೈಯನ್ನೂ ಅವಳಿಗೆ ಕೊಟ್ಟು, "ಎರಡು ವರ್ಷ, ಮುಹಯ್ಯೊ. ಬಂದು ನಿನ್ನನ್ನೇ ಮದುವೆಯಾಗ್ತೀನಿ" ಅಂದಿದ್ದ.

ಅವಳು ಆ ರೊಟ್ಟಿಯನ್ನು ಅವನ ಮನೆಯ ಗೋಡೆಗೇ ತೂಗುಹಾಕಿದಳು. ಒಂದು ವರ್ಷ ಅವಳು ನಸುಕಿನಲ್ಲೇ ಬಂದು, ಯಾರಿಗೂ ಗೊತ್ತಾಗದಂತೆ ಕಿಟಕಿ ತೆರೆದಳು, ಧೂಳು ಹೊಡೆದಳು, ಮಣ್ಣಿನ ಮಾಡಿನ ಮೇಲಿಂದ ಹಿಮ ತಳ್ಳಿದಳು. ಆಮೇಲೊಂದು ದಿನ ರಷ್ಯಾದಲ್ಲಿದ್ದ ಊರಿನವರೊಬ್ಬರಿಂದ ಅವಳ ಫೋನಿಗೆ ಒಂದು ಫೋಟೊ ಬಂತು. ಜರಿ ನಿಲುವಂಗಿ ತೊಟ್ಟ ಹಿಕ್ಮತ್, ಪಕ್ಕದಲ್ಲಿ ಮದುಮಗಳು!

ಅವಳು ಅವನ ನಂಬರನ್ನು ಬ್ಲಾಕ್ ಮಾಡಿದಳು. ಆ ಚಳಿಗಾಲ ಹಿಮ ತಳ್ಳಲು ಯಾರೂ ಹೋಗಲಿಲ್ಲ. ಮಾಡು ನೆನೆದು ಕುಸಿಯಿತು.

"ಖೋಲಾ..." ಮುಹಯ್ಯೊ ಪೊರಕೆ ಕೆಳಗಿಟ್ಟು ಮುಂದೆ ಬಂದಳು. "ಬೀಗದ ಕೈ ನನ್ನ ಹತ್ರ ಇತ್ತು. ನೋಡ್ಕೋತೀನಿ ಅಂತ ಮಾತು ಕೊಟ್ಟಿದ್ದೆ. ಸಿಟ್ಟಿಗೆ ಬಿಟ್ಟುಬಿಟ್ಟೆ. ಮಾಡು ಬಿದ್ದಿದ್ದು ನನ್ನಿಂದ."



"ಅಯ್ಯೋ ಹುಡುಗಿ!" ಖೋಲಾ ಕೆನ್ನೆ ಹಿಡಿದುಕೊಂಡರು. "ಚಹಾಕ್ಕೆ ಕೂತಾಗೆಲ್ಲ ಇವನನ್ನ ಬೈಯೋಕೆ ನಮಗಿಂತ ನೀನೇ ಮುಂದಿದ್ದೆಯಲ್ಲೇ!"

ಹೌದು. ಅದೂ ನಿಜ. ಮುಹಯ್ಯೊಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಬೀದಿಯ ಹಿರಿಯ ಹೋಶಿಂ ಓತಾ ಕೆಮ್ಮಿದರು. "ಚಳಿಗಾಲದೊಳಗೆ ಮಾಡು ಹಾಕಿಸ್ತೀಯೇನಪ್ಪಾ?"

"ಹಾಕಿಸ್ತೀನಿ ಓತಾ. ಮನೆ ಕೆಡವ್ತಾರೆ ಅಂತ ಕೇಳಿಯೇ ಓಡಿ ಬಂದೆ."

"ಹಾಗಾದ್ರೆ ಕೆಡವೋದು ಬೇಡ, ಕಳೆ ಕೀಳಿ. ಆದ್ರೆ ಹಶರ್‌ಗೆ ಬಂದೋರಿಗೆ ಊಟ ಹಾಕೋದು ಮನೆಯವರು. ಮೂವತ್ತು ಹೊಟ್ಟೆ ಇದೆ. ಯಾರು ಹಾಕ್ತೀರಿ?"

"ನಾನು," ಅಂದಳು ಮುಹಯ್ಯೊ, ನೆಲ ನೋಡುತ್ತಲೇ.

ಬೀದಿಯವರ ದೊಡ್ಡ ಕಡಾಯಿ ಬಂತು. ಅವಳು ಪಲಾವಿಗೆ ಕ್ಯಾರೆಟ್ ಹೆಚ್ಚುತ್ತಿದ್ದಾಗ ಹಿಕ್ಮತ್ ಎದುರು ಬಂದು ಕುಳಿತ.

"ಒಳಗೆ ಗೋಡೆ ಮೇಲೆ ಮೊಳೆ ಒಂದೇ ಇದೆ."

ಚಾಕು ನಿಂತಿತು.

"ಆ ಫೋಟೊ ನೋಡಿದ ದಿನ... ರೊಟ್ಟೀನ ಪುಡಿಮಾಡಿ ಗುಬ್ಬಿಗಳಿಗೆ ಹಾಕ್ದೆ. ನೀವು ಇನ್ನು ಬರೋದೇ ಬೇಡ ಅಂತ."

"ಯಾವ ಫೋಟೊ?"

ಅವಳು ಹೇಳಿದಳು.

"ಅದು ನನ್ನ ರೂಮಿನವನ ಮದುವೆ. ಅವರ ಮನೆತನದಲ್ಲಿ ವರನ ಗೆಳೆಯನಿಗೂ ಅಂಥದ್ದೇ ನಿಲುವಂಗಿ ತೊಡಿಸ್ತಾರೆ. ವರ ಆಚೆ ಬದಿಗಿದ್ದ. ಫೋಟೊದಲ್ಲಿ ಬಿದ್ದಿರಲಿಲ್ಲ ಅನ್ಸುತ್ತೆ."

'ನಮ್ಮ ಬೀದಿಯಲ್ಲಿ ಅಂಥ ನಿಲುವಂಗಿ ವರನೊಬ್ಬನೇ ತೊಡುವುದು... ಅಷ್ಟೇ ನೋಡಿ ತೀರ್ಪು ಕೊಟ್ಟುಬಿಟ್ಟೆನೇ?'

"ಒಂದು ಮಾತು ಕೇಳಬಹುದಿತ್ತಲ್ಲ, ಮುಹಯ್ಯೊ. ನಿನ್ನ ಫೋನ್ ಸಿಗದೇ ಹೋದಾಗ ನೀನೇ ಮದುವೆಯಾಗಿರಬೇಕು ಅಂದ್ಕೊಂಡೆ. ಮತ್ತೆ ಯಾರಿಗೋಸ್ಕರ ಬರಲಿ?"

ಅವಳ ಕಣ್ಣೀರು ಕ್ಯಾರೆಟ್ ಮೇಲೆ ಬಿತ್ತು.

"ಉಪ್ಪು ಆಮೇಲೆ ಹಾಕೇ!" ಆಚೆಯಿಂದ ಖೋಲಾ ಕೂಗಿದರು. ಹೆಂಗಸರು ಗೊಳ್ಳೆಂದರು.

"ನನ್ನ ಮುಖ ನೋಡೋಕೆ ಅಸಹ್ಯ ಆಗಲ್ವಾ ನಿಮಗೆ?"

"ನೀನು ತಲೆ ಎತ್ತಿದ್ರೆ ತಾನೇ ನೋಡೋದು?"

ಅವಳು ಮೆಲ್ಲನೆ ತಲೆ ಎತ್ತಿದಳು. ಅವನ ಕಣ್ಣೂ ಒದ್ದೆಯಾಗಿತ್ತು.

"ಇವತ್ತೇ ನಿಮ್ಮಪ್ಪನ ಹತ್ರ ಮಾತಾಡ್ಲಾ?"

"ಮೊದ್ಲು ನಾನು ಮಾತಾಡ್ಬೇಕು. ಮಾಡಿದ್ದೆಲ್ಲ ನಾನೇ ಹೇಳ್ಬೇಕು... ತುಂಬಾ ನಾಚಿಕೆ ಆಗುತ್ತೆ."

"ಹೇಳು. ನಾನು ಪಕ್ಕದಲ್ಲೇ ನಿಂತಿರ್ತೀನಿ."

"ಅವರು ಬೈತಾರೆ."

"ಬೈಲಿ. ಇಬ್ಬರೂ ಸೇರಿ ಬೈಸ್ಕೊಳ್ಳೋಣ."