ಕೈಚೀಲದಲ್ಲಿ ಕಾಣದ ಫೈಲು

ಬೆಳಗ್ಗೆ ಏಳೂವರೆ. ಕೈಚೀಲದ ಜಿಪ್ಪು ಎಳೆದು ತಳದವರೆಗೂ ಕೈಯಾಡಿಸಿದ ಕೆಳಮನೆಯ ಅಣ್ಣ-ತಂಗಿಯರಲ್ಲಿ ತಂಗಿ ಹಾಗೇ ನಿಂತುಬಿಟ್ಟಳು. ಫೈಲು ಇರಲಿಲ್ಲ!

ಅವಳ ಮೂಲ ಪ್ರಮಾಣಪತ್ರಗಳೆಲ್ಲ ಅದರಲ್ಲಿದ್ದವು. ನಾಳೆ ಹತ್ತು ಗಂಟೆಗೆ ದೂರದ ಆಸ್ಪತ್ರೆಯೊಂದರಲ್ಲಿ ಅವನ್ನು ತೋರಿಸಿದರೆ ಪ್ರಯೋಗಾಲಯದ ಕೆಲಸ ಅವಳದು. ಇಲ್ಲವಾದರೆ ಪಟ್ಟಿಯಲ್ಲಿ ಎರಡನೆಯವರಿಗೆ. ಎರಡನೆಯ ಹೆಸರು ಅವಳ ಸ್ವಂತ ಅಣ್ಣನದು. ರೈಲಿಗೆ ಉಳಿದದ್ದು ಒಂದೂಕಾಲು ಗಂಟೆ.

ಅವಳು ಮಹಡಿಗೆ ಓಡಿ ಚಿಕ್ಕಮ್ಮನನ್ನು ಕರೆತಂದಳು. ಇಪ್ಪತ್ತೆಂಟು ವರ್ಷ ರೈಲು ನಿಲ್ದಾಣದ ಲಗೇಜು ಕೋಣೆ ನೋಡಿಕೊಂಡಿದ್ದ ಅವರನ್ನು ಬೀದಿಯವರೆಲ್ಲ ಕರೆಯುವುದು ‘ಲಗೇಜಮ್ಮ’ ಎಂದೇ. ಅವರ ಬಾಡಿಗೆದಾರನಾದ ನಾನು, ಭೌತಶಾಸ್ತ್ರದ ಮೇಷ್ಟ್ರು, ಹಿಂದೆಯೇ ಇಳಿದೆ.

“ಕೊನೇ ಸಲ ನೋಡಿದ್ದು ಯಾವಾಗ?”

“ರಾತ್ರಿ ಒಂಬತ್ತಕ್ಕೆ. ಫೈಲು ತಳದಲ್ಲಿಟ್ಟು ಮೇಲೆ ಬಟ್ಟೆ, ಎಣ್ಣೆ ಸೀಸೆ ಇಟ್ಟೆ. ಆಮೇಲೆ ಚೀಲ ನಡುಮನೆಯಲ್ಲೇ ಇತ್ತು,” ಎಂದ ತಂಗಿ ಅಡುಗೆಮನೆಯ ಬಾಗಿಲತ್ತ ತಿರುಗಿದಳು.

ಅಲ್ಲಿ ಅವಳ ಅತ್ತಿಗೆ, ಅಣ್ಣನ ಹೆಂಡತಿ, ಒರಗಿ ನಿಂತಿದ್ದಳು. “ನನ್ನ ಮುಖ ಯಾಕೆ ನೋಡ್ತೀಯ? ನಿನ್ನ ಚೀಲ ಮುಟ್ಟೋಕೆ ನಂಗೇನು ಕೈ ಕಡೀತಿದೆಯಾ?”

“ಗಂಡನ ಕೆಲಸ ಕಿತ್ಕೊಂಡೆ ಅಂದೋರು ನೀವೇ ಅಲ್ವಾ, ಅತ್ತಿಗೆ?”

“ಅಂದೆ. ಈಗ್ಲೂ ಅಂತೀನಿ. ಮುಖಕ್ಕೆ ಹೊಡೆದ ಹಾಗೆ ಮಾತಾಡೋಳು ಬೆನ್ನ ಹಿಂದೆ ಕದಿಯಲ್ಲ.”

“ಸಾಕು ಜಗಳ,” ಎಂದ ಅಣ್ಣ. ಅವನ ದನಿ ಬಹಳ ಶಾಂತ. “ನೋಡಿ ಚಿಕ್ಕಮ್ಮ, ಅಗ್ಗದ ಟಿಕೆಟ್ಟು ಮುಂಚೆಯೇ ಹುಡುಕಿ ತೆಗೆಸಿಕೊಟ್ಟಿದ್ದು ನಾನು. ದಪ್ಪ ಸ್ವೆಟರ್ ಮೈಮೇಲೆ ಹಾಕ್ಕೋ, ಚೀಲ ಹಗುರವಾಗುತ್ತೆ. ಬಟ್ಟೆ ಮಡಚಬೇಡ, ಸುರುಳಿ ಸುತ್ತು. ಎಣ್ಣೆ ಸೋರದ ಹಾಗೆ ಬಂದೋಬಸ್ತು ಮಾಡು ಅಂತ ಬಾಯಿ ಬಡ್ಕೊಂಡೆ. ಇವಳು ಕೇಳಿದ್ರೆ ತಾನೇ?”

“ಕೇಳಲಿಲ್ಲ. ನಿನ್ನ ಒಂದೇ ಒಂದು ಉಪದೇಶ ಪಾಲಿಸಿದ್ರೆ ಕೇಳು!” ಎಂದಳು ತಂಗಿ.

“ಆಮೇಲೆ ಚೀಲದ ಹತ್ತಿರ ಹೋಗಿದ್ಯೇನೋ?” ಲಗೇಜಮ್ಮ ಅವನನ್ನು ಕೇಳಿದರು.

“ಇಲ್ಲ. ಊಟ ಮಾಡಿ ಮಲಗಿದೆ.”

ಲಗೇಜಮ್ಮ ನಮಗೆ ಬೆನ್ನು ಮಾಡಿ ಕೂತು ಸಾಮಾನು ಒಂದೊಂದಾಗಿ ತೆಗೆದರು. ಗಡಿಯಾರ ಓಡುತ್ತಿತ್ತು. ಮುದುಕಿ ಸುಮ್ಮನೆ ಹೊತ್ತು ಕಳೆಯುತ್ತಿದ್ದಾರೆಯೇ ಎಂದು ನನಗೇ ಸಿಟ್ಟು ಬಂತು.

ಒಮ್ಮೆಲೇ ಅವರು ಕೂಗಿದರು— “ಅಯ್ಯಯ್ಯೋ! ಎಣ್ಣೆಯೆಲ್ಲ ಸೋರಿದೆಯಲ್ಲೇ! ಹೊಸ ಬಟ್ಟೆಯೆಲ್ಲ ಜಿಡ್ಡು!”

“ಆಗ್ಲಿ ಬಿಡಿ, ಹಾಗೇ ಆಗ್ಬೇಕು,” ಎಂದಳು ಅತ್ತಿಗೆ.

“ಸೋರೋಕೆ ಸಾಧ್ಯವೇ ಇಲ್ಲ!” ಅಣ್ಣ ಮುಂದೆ ನುಗ್ಗಿದ. “ಮುಚ್ಚಳದಡಿ ಪ್ಲಾಸ್ಟಿಕ್ ಇದೆಯಲ್ಲ—”

ಮಾತು ಅಲ್ಲೇ ನಿಂತಿತು.

ಲಗೇಜಮ್ಮ ತಿರುಗಿದರು. ಬಟ್ಟೆಯ ಮೇಲೆ ಒಂದು ಹನಿಯೂ ಇರಲಿಲ್ಲ. ಮುಚ್ಚಳ ಬಿಚ್ಚಿ, ಸೀಸೆಯ ಬಾಯಿಗೆ ನೀಟಾಗಿ ಕತ್ತರಿಸಿ ಹೊದಿಸಿದ್ದ ಪ್ಲಾಸ್ಟಿಕ್ ಚೂರನ್ನು ತೋರಿಸಿದರು.

“ನೀವೆಲ್ಲ ಚೀಲದಿಂದ ಏನು ಹೋಯ್ತು ಅಂತ ಹುಡುಕಿದಿರಿ. ಏನು ಹೊಸದಾಗಿ ಬಂತು ಅಂತ ಯಾರೂ ನೋಡಲಿಲ್ಲ. ಇವಳು ಇದನ್ನ ಇಟ್ಟಿಲ್ಲ. ಹೊರಗಿಂದ ನೋಡಿದ್ರೆ ಕಾಣೋದೂ ಇಲ್ಲ. ಇದೆ ಅಂತ ಗೊತ್ತಿರೋದು ಇಟ್ಟವನಿಗೆ ಮಾತ್ರ. ಕದ್ದೆ, ಸರಿ. ಈ ಸೀಸೆ ನಿನಗೇನು ಮಾಡಿತ್ತೋ?”

ಅಣ್ಣ ನೆಲ ನೋಡಿದ. “ಮುಚ್ಚಳ ಸಡಿಲವಾಗಿತ್ತು. ದಾರಿಯಲ್ಲಿ ಸೋರುತ್ತೆ ಅಂತ ಗೊತ್ತಿದ್ದೂ ಹೇಗೆ ಬಿಡಲಿ, ಚಿಕ್ಕಮ್ಮ?”

“ತಂಗಿ ಬದುಕು ಸೋರಿಹೋದ್ರೆ ಪರವಾಗಿಲ್ವಾ?”

ಅವನು ಒಳಗೆ ಹೋಗಿ, ಇಸ್ತ್ರಿಯ ಖರ್ಚು ಉಳಿಸಲು ಹಾಸಿಗೆಯಡಿ ಹರಡಿಟ್ಟಿದ್ದ ಪ್ಯಾಂಟುಗಳ ನಡುವಿನಿಂದ ಫೈಲು ತಂದ. ತಂಗಿ ಅದನ್ನು ಕಿತ್ತುಕೊಂಡು ಪುಟಗಳನ್ನು ಎರಡು ಸಲ ಎಣಿಸಿದಳು. ಅವನ ಮುಖವನ್ನು ಒಮ್ಮೆಯೂ ನೋಡಲಿಲ್ಲ.

ಚೀಲ ಎತ್ತಿಕೊಂಡದ್ದು ಅತ್ತಿಗೆ. “ನಡಿ. ನನ್ನನ್ನ ಕಳ್ಳಿ ಅಂದಿದ್ದನ್ನ ನಾನು ಮರೆಯಲ್ಲ. ಆದ್ರೆ ರೈಲು ತಪ್ಪಬಾರದು.”

“ನಿಲ್ದಾಣದ ಹಿಂದಿನ ಗೇಟಿಂದ ಹೋಗಿ,” ಅಣ್ಣನ ದನಿ ಕೇಳಿಯೂ ಕೇಳದ ಹಾಗಿತ್ತು. “ಹತ್ತು ನಿಮಿಷ ಉಳಿಯುತ್ತೆ.”

ಅತ್ತಿಗೆ, ತಂಗಿ ಇಬ್ಬರೂ ಅವನ ಮಾತು ಕಿವಿಗೆ ಬೀಳದವರಂತೆ ಹೊಸ್ತಿಲು ದಾಟಿದರು. ಹೋದದ್ದು ಮಾತ್ರ ಹಿಂದಿನ ಗೇಟಿನಿಂದಲೇ.